ಲೇಖಕ ಮಂಡಳಿಯಲ್ಲಿ ನಾನೊಬ್ಬಳೇ

ಮನಸ್ಸು ಆಕಾಶದಲ್ಲಿ, ಕಾಲು ಅಡಿಗೆಮನೆಯಲ್ಲಿ ಇಟ್ಟುಕೊಂಡು ಹದಿನೈದು ವರ್ಷ ಬದುಕಿದರೆ ಇಂಥವು ನಡೆಯದೆ ಇನ್ನೇನು ನಡೆದೀತು? ಕನ್ನಡದಲ್ಲಿ ನಾನು ಬರೆಯುತ್ತಿರುವುದು ಇದೇ ಮೊದಲು. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಗೊತ್ತಿದ್ದವರು ದಯವಿಟ್ಟು ಕ್ಷಮಿಸಬೇಕು.

ತೊಂಬತ್ತರ ದಶಕದ ಮಾತು. ನಾಗಪುರದ ನಮ್ಮ ಮನೆಯಲ್ಲಿ ಕುಳಿತು ನಾನು ದೆಹಲಿಯ ಒಂದು ಪ್ರಕಾಶನಕ್ಕೆ ಹಿಂದಿಯಲ್ಲಿ ಕಾಮಿಕ್ಸ್ ಬರೆಯುತ್ತಿದ್ದೆ. ಕಾಮಿಕ್ಸ್ ಬರೆಯುವುದೆಂದರೆ ಚಿತ್ರ ಬಿಡಿಸುವುದಲ್ಲ. ಒಂದೊಂದು ಚೌಕದಲ್ಲಿ ಯಾರಿರಬೇಕು, ಏನು ಮಾಡುತ್ತಿರಬೇಕು, ಬಾಯಿಂದ ಹೊರಟ ಗುಳ್ಳೆಯಲ್ಲಿ ಯಾವ ಮಾತಿರಬೇಕು ಎಂದು ಬರೆದು ಕಳಿಸುವುದು. ಚಿತ್ರ ಬಿಡಿಸುವವರು ಬೇರೆ.

ನನ್ನ ನಾಯಕಿಯ ಹೆಸರು ದುಪಹರಿ. ಹಿಂದಿಯಲ್ಲಿ ಮಧ್ಯಾಹ್ನ ಎಂದರ್ಥ. ಅವಳು ಬಿಸಿಲಿನ ಝಳದ ಮೇಲೆ ಕಾಲಿಟ್ಟು ಮೆಟ್ಟಿಲು ಹತ್ತಿದಂತೆ ಆಕಾಶ ಹತ್ತುತ್ತಿದ್ದಳು. ಮೇ ತಿಂಗಳಲ್ಲಿ ನಾಗಪುರದ ಮಧ್ಯಾಹ್ನ ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಾರದು. ರಸ್ತೆ ಬೆಳ್ಳಗಾಗಿ, ಊರಿಗೆ ಊರೇ ಕದ ಹಾಕಿಕೊಂಡು ಮಲಗಿರುತ್ತದೆ. ಕೂಲರಿನ ಒದ್ದೆ ಲಾವಂಚದ ವಾಸನೆಯಲ್ಲಿ ಕಣ್ಣು ಅರ್ಧ ಮುಚ್ಚಿದರೆ ಸಾಕು, ನಾನೂ ಅವಳ ಜೊತೆ ಮೇಲೇರುತ್ತಿದ್ದೆ. ಕೆಳಗೆ ಕಿತ್ತಳೆ ತೋಟಗಳು ಹಾಸಿದ ಚಾಪೆಯಂತೆ, ಕನ್ಹಾನ್ ನದಿ ಯಾರೋ ಮರೆತುಹೋದ ನೂಲಿನಂತೆ, ಉಮರೇಡ್ ಕಡೆಯಿಂದ ಬರುವ ಕಲ್ಲಿದ್ದಲಿನ ಗಾಡಿ ಇರುವೆಸಾಲಿನಂತೆ ಕಾಣುತ್ತಿತ್ತು.

ದುಪಹರಿಯ ಶಕ್ತಿ ಒಂದು ಗಂಟೆಯಿಂದ ಮೂರೂವರೆಯವರೆಗೆ ಮಾತ್ರ. ಅದು ಯಾಕೆ ಎಂದು ಓದುಗರು ಪತ್ರ ಬರೆದು ಕೇಳುತ್ತಿದ್ದರು. ಸೂರ್ಯಕಿರಣದ ಕೋನ ಹಾಗೆ ಇರುತ್ತದೆ ಎಂದು ಸಂಪಾದಕರು ಉತ್ತರ ಕೊಡುತ್ತಿದ್ದರು. ನಿಜವೇನೆಂದರೆ ನಮ್ಮ ಅತ್ತೆ ಮಲಗುತ್ತಿದ್ದುದು ಒಂದರಿಂದ ಮೂರೂವರೆಯವರೆಗೆ.

೧. ಸ್ಟೇಷನ್ನಿನಲ್ಲಿ ಭೇಟಿ

ಮೊದಲ ಕಥೆ ಕಳಿಸುವಾಗ ಹೆದರಿಕೆಯಿಂದ ಬರೀ ಇನಿಷಿಯಲ್ ಹಾಕಿದ್ದೆ. ಸಂಪಾದಕರು ‘ಭಾಯಿಸಾಹೇಬ್’ ಎಂದು ಉತ್ತರ ಬರೆದರು. ನಾನು ತಿದ್ದಲಿಲ್ಲ. ಒಂದು ವರ್ಷದ ಮೇಲೆ, ತಾನು ಮದ್ರಾಸಿಗೆ ಹೊರಟಿದ್ದೇನೆ, ಗಾಡಿ ನಾಗಪುರದಲ್ಲಿ ನಿಂತಾಗ ಭೇಟಿಯಾಗೋಣ ಎಂದು ಅವರ ಪತ್ರ ಬಂತು. ಅಲ್ಲಿಯವರೆಗೆ ಪುಸ್ತಕದ ಮೇಲೆ ಲೇಖಕರ ಹೆಸರೇ ಇರುತ್ತಿರಲಿಲ್ಲ. ಮುಂದಿನ ಸಂಚಿಕೆಯಿಂದ ಹಾಕುತ್ತೇವೆ, ಪೂರ್ತಿ ಹೆಸರು ತಿಳಿಸಿ ಎಂದೂ ಬರೆದಿದ್ದರು.

ಕಿತ್ತಳೆಯ ಚೀಲ ಹಿಡಿದು ನಾನೂ ನಮ್ಮ ಮನೆಯವರೂ ಹೋದೆವು. ಸಂಪಾದಕರು ಡಬ್ಬಿಯಿಂದ ಇಳಿದವರೇ ಓಡಿಬಂದು ನಮ್ಮ ಮನೆಯವರನ್ನು ಅಪ್ಪಿಕೊಂಡರು.

“ಏನು ಹೊಡೆದಾಟ ಬರೆಯುತ್ತೀರಿ ಭಾಯಿಸಾಹೇಬ್! ಮೈ ಜುಮ್ಮೆನ್ನುತ್ತದೆ!”

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು. ಹಲ್ಲಿ ಕಂಡರೆ ಪಕ್ಕದ ಮನೆಯವರನ್ನು ಕರೆಯುವ ಸ್ವಭಾವ. “ನಾನಲ್ಲ, ಇವರು” ಎಂದು ನನ್ನನ್ನು ತೋರಿಸಿದರು. ಸಂಪಾದಕರು ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಬಗ್ಗಿ ನೋಡಿದರು. ಹಿಂದೆ ಚಹಾದ ಗಾಡಿ ಮಾತ್ರ ಇತ್ತು.

“ಓದುವವರು ಹುಡುಗರು, ಬೆಹೆನ್‌ಜೀ. ಹೆಂಗಸಿನ ಹೆಸರು ಹಾಕಿದರೆ ಹೊಡೆದಾಟವನ್ನು ನಂಬುವುದಿಲ್ಲ.”

“ನಾಯಕಿಯೂ ಹೆಂಗಸೇ ಅಲ್ಲವೇ?” ಎಂದೆ.

“ಅವಳು ಹಾರುತ್ತಾಳೆ. ನೀವು ಹಾರುತ್ತೀರಾ?”

ಹಾರುತ್ತೇನೆ, ಮೂರೂವರೆಯವರೆಗೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಗಾಡಿ ಹೊರಟಿತು. ಮುಂದಿನ ಸಂಚಿಕೆಯಲ್ಲಿ ‘ಕಥೆ: ಲೇಖಕ ಮಂಡಳಿ’ ಎಂದು ಅಚ್ಚಾಗಿತ್ತು.

ನಮ್ಮ ಅತ್ತೆ ಧಾರವಾಡದ ಕಡೆಯವರು. ಅವರಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಓದಲು ಬರುತ್ತಿರಲಿಲ್ಲ. “ನಿನ್ನ ಹೆಸರು ಎಲ್ಲೈತಿ? ಬೊಟ್ಟಿಟ್ಟು ತೋರಸು” ಎಂದರು.

“ಹೆಸರಿಲ್ರಿ ಅತ್ತಿ. ಮಂಡಳಿ ಅಂತ ಹಾಕ್ಯಾರ.”

“ಮಂಡಳ್ಯಾಗ ಎಷ್ಟ ಮಂದಿ?”

“ನಾ ಒಬ್ಬಾಕಿನ.”

“ಹಂಗಾರ ಅಧ್ಯಕ್ಷರು ಯಾರು?”

ಅಂದಿನಿಂದ ಪ್ರತಿ ಸಂಚಿಕೆ ಬಂದಾಗಲೂ ಅವರದು ಅದೇ ಪ್ರಶ್ನೆ: ಹೆಸರು ಎಲ್ಲೈತಿ? ನನಗೂ ಉಳಿದದ್ದು ಅದೊಂದೇ ಆಸೆ. ಒಮ್ಮೆ, ಒಂದೇ ಒಂದು ಸಲ, ಅಚ್ಚಾದ ನನ್ನ ಹೆಸರಿನ ಮೇಲೆ ಅವರ ಬೆರಳಿಡಿಸಬೇಕು. ಪ್ರತಿ ಕಥೆಯ ಜೊತೆಗೂ ಸಂಪಾದಕರಿಗೆ ಬಿನ್ನಹ ಬರೆದೆ. ಪ್ರತಿ ಸಲವೂ “ಮುಂದೆ ನೋಡೋಣ” ಎಂದು ಬರೆದರು.

೨. ಕೂಲರಿನ ಕಥೆ

ನಮ್ಮ ಚಿತ್ರಕಾರರನ್ನು ನಾನು ನೋಡಿದ್ದೇ ಇಲ್ಲ. ಅವರಿದ್ದದ್ದು ಮೇ ತಿಂಗಳಲ್ಲೂ ಸ್ವೆಟರ್ ಹಾಕುವ ಒಂದು ಬೆಟ್ಟದ ಊರಿನಲ್ಲಿ. ಒಂದು ಕಥೆಯಲ್ಲಿ ನಾನು, ‘ದುಪಹರಿ ಮನೆಯ ಒಳಗೆ ನಿಂತಿದ್ದಾಳೆ. ಹಿಂದೆ ಕೂಲರ್ ಇದೆ. ಅದು ಭರ್ರೆಂದು ಸದ್ದು ಮಾಡುತ್ತ ತಣ್ಣನೆಯ ಗಾಳಿ ಬಿಡುತ್ತಿದೆ’ ಎಂದು ಬರೆದು ಬಿಟ್ಟಿದ್ದೆ. ಕೂಲರ್ ಎಂದರೆ ತಗಡಿನ ಪೆಟ್ಟಿಗೆ, ಮೂರು ಕಡೆ ಹುಲ್ಲು, ಒಳಗೊಂದು ಫ್ಯಾನು ಎಂದು ಬಿಡಿಸಿ ಹೇಳಬೇಕೆಂದು ಹೊಳೆಯಲಿಲ್ಲ. ಕೂಲರ್ ಗೊತ್ತಿಲ್ಲದವರು ಭೂಮಿಯ ಮೇಲಿದ್ದಾರೆಂದು ನಾಗಪುರದವರು ಯಾರೂ ನಂಬುವುದಿಲ್ಲ.

ಅವರು ಎಂಟು ಕಾಲು, ಮೈತುಂಬ ಕೂದಲು, ಕೆಂಪು ಕಣ್ಣಿನ ಒಂದು ದೈತ್ಯ ಯಂತ್ರ ಬಿಡಿಸಿದ್ದರು. ಕೂದಲು ಎಲ್ಲಿಂದ ಬಂತೋ, ಹುಲ್ಲಿನ ಮಾತನ್ನಂತೂ ನಾನು ಬರೆದಿರಲಿಲ್ಲ. ಅದು ದುಪಹರಿಯ ಬೆನ್ನ ಹಿಂದೆ ಬಾಯಿ ತೆರೆದು ನಿಂತಿತ್ತು. ಅವಳು ಮಾತ್ರ ನಾನು ಬರೆದಂತೆಯೇ, “ಆಹಾ, ಎಷ್ಟು ಹಿತವಾಗಿದೆ!” ಎನ್ನುತ್ತಿದ್ದಳು.

ಓದುಗರಿಗೆ ವಿಪರೀತ ಇಷ್ಟವಾಯಿತು. ‘ಆ ರಾಕ್ಷಸ ಮತ್ತೆ ಬರಲಿ’ ಎಂದು ಸಂಪಾದಕರು ಬರೆದರು. ಮುಂದಿನ ಕಥೆಯಲ್ಲಿ ಅದು ಊರಿನ ಕೆರೆಯ ನೀರನ್ನೆಲ್ಲ ಕುಡಿಯಿತು. ಅದೇನೂ ಕಟ್ಟುಕಥೆಯಲ್ಲ. ನಮ್ಮ ಮನೆಯ ಕೂಲರಿಗೆ ದಿನಕ್ಕೆ ಹನ್ನೆರಡು ಬಕೆಟ್ ಹೊತ್ತು ಹಾಕುತ್ತಿದ್ದವಳು ನಾನೇ.

೩. ಗುಡ್ಡ ಹಾರಿಸುವುದು

ನಮ್ಮ ಕನ್ನಡ ಸಂಘದ ಯುಗಾದಿ ಊಟ. ಪಂಕ್ತಿಯಲ್ಲಿ ನನ್ನ ಎದುರಿಗೆ ಉಮರೇಡಿನ ಗಣಿಯಲ್ಲಿ ಅಧಿಕಾರಿಯಾಗಿದ್ದ ಹಿರಿಯರು ಕುಳಿತಿದ್ದರು. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ನಾನು ಮಾತ್ರ ದುಪಹರಿಯ ಜೊತೆ ಒಂದು ಗುಡ್ಡದ ಮೇಲೆ ತೇಲುತ್ತಿದ್ದೆ. ಕೆಳಗಿನ ನೆಲಮಾಳಿಗೆಯಲ್ಲಿ ಖಳನಾಯಕನಿದ್ದ.

“ಅಣ್ಣಾರ, ಒಂದ ಗುಡ್ಡ ಹಾರಸಾಕ ಎಷ್ಟ ಬಾರೂದ ಬೇಕಾಕ್ಕೈತ್ರಿ?” ಎಂದು ಕೇಳಿದೆ.

ಅವರು ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ಕೈ ತಡೆದರು. “ಯಾಕವಾ?”

“ಒಳಗ ಒಬ್ಬಾಂವ ಅದಾನ್ರಿ. ಭಾಳ ವರ್ಷದಿಂದ ಕಾಡಾಕತ್ಯಾನ. ಈ ಸಲ ಅಂವ ಎದ್ದ ಬರಬಾರದು.”

ಹಿರಿಯರು ನಿಧಾನಕ್ಕೆ ತಿರುಗಿ, ಆ ತುದಿಯಲ್ಲಿ ನಗುನಗುತ್ತ ಸಾರು ಬಡಿಸುತ್ತಿದ್ದ ನಮ್ಮ ಮನೆಯವರನ್ನು ನೋಡಿದರು. “ಮನ್ಯಾಗ ಎಲ್ಲಾ ಬರೋಬರ್ ಐತಲ್ಲವಾ?” ಎಂದರು.

ನಾನು ಕಾಮಿಕ್ಸ್ ಬರೆಯುತ್ತೇನೆಂದು ಹೇಳಿದೆ. ಯಾರೂ ನಂಬಲಿಲ್ಲ, ಪುಸ್ತಕದಲ್ಲಿ ಹೆಸರಿದ್ದರಲ್ಲವೇ! “ಯಾವುದೋ ಮಂಡಳ್ಯಾಗ ಅದಾಳ” ಎಂದು ಅದೇ ಪಂಕ್ತಿಯಲ್ಲಿದ್ದ ಅತ್ತೆ ಹೇಳಿದ ಮೇಲಂತೂ ಪಕ್ಕದವರು ಎಲೆ ಸರಿಸಿಕೊಂಡು ಕುಳಿತರು.

ಮನೆಗೆ ಬರುವಾಗ ಸ್ಕೂಟರಿನ ಮೇಲೆ ನಮ್ಮ ಮನೆಯವರು ಒಂದೇ ಮಾತು ಆಡಿದರು. “ನಾಳಿಂದ ನನ್ನ ಚಹಾ ನಾನ ಮಾಡ್ಕೋತೀನಿ.”

೪. ಗುಹೆಯ ಗೋಡೆ

ಕೂಲರಿನ ಪ್ರಸಂಗವಾದ ಮೇಲೆ ನಾನು ಚಿತ್ರಕಾರರಿಗೆ ಯಾವುದನ್ನೂ ಬಿಡಿಸಿ ಹೇಳದೆ ಬಿಡುತ್ತಿರಲಿಲ್ಲ. ಬರೆದು ತಿಳಿಸಲಾಗದ್ದನ್ನು ಬೇರೆ ಹಾಳೆಯಲ್ಲಿ ಗೀಚಿ ಲಗತ್ತಿಸುತ್ತಿದ್ದೆ.

ಒಂದು ಕಥೆಯಲ್ಲಿ ಖಳನಾಯಕನ ಗುಹೆ ಬಂತು. ಗೋಡೆಯ ತುಂಬ ಯಾರೂ ಓದಲಾರದ ಪುರಾತನ ಲಿಪಿಯ ಶಾಪ. ‘ಅಕ್ಷರ ಹೇಗಿರಬೇಕೆಂದು ಜೊತೆಗಿರುವ ಹಾಳೆಯಲ್ಲಿದೆ. ಇದ್ದದ್ದು ಇದ್ದಂತೆ ಕೆತ್ತಬೇಕು’ ಎಂದು ಬರೆದೆ. ಇನ್ನೊಂದು ಹಾಳೆಯಲ್ಲಿ ಹಾವು, ಚೇಳು, ಸುರುಳಿ ಎಲ್ಲ ಸೇರಿಸಿ ಒಂದು ಲಿಪಿ ಗೀಚಿದೆ. ಅದೇ ಮಧ್ಯಾಹ್ನ ಧಾರವಾಡದಲ್ಲಿದ್ದ ನಾದಿನಿಗೂ ಒಂದು ಪತ್ರ ಬರೆಯುವುದಿತ್ತು. ಅವಳು ನಾಗಪುರಕ್ಕೆ ಹೊರಟಿದ್ದಳು. ಬರುವಾಗ ಏನೇನು ತರಬೇಕೆಂದು ಅತ್ತೆ ಬೆಳಗ್ಗೆ ಹೇಳಿದ್ದರು. ಅದನ್ನೂ ಬರೆದು, ಎರಡೂ ಲಕೋಟೆಗಳನ್ನು ಅಂಟಿಸಿ ಅಂಚೆಗೆ ಹಾಕಿದೆ.

ನಾದಿನಿ ಬಂದಳು, ಬರಿಗೈಲಿ. “ವೈನಿ, ನಿಮ್ಮ ಪತ್ರ ಬಂತ್ರಿ. ಆದ್ರ ನಿಮ್ಮ ಅಕ್ಷರ ಭಾಳ ಕೆಟ್ಟಾವ. ನಾವು ಮೂರು ಮಂದಿ ಕೂತು ನೋಡಿದ್ವಿ, ಒಂದೂ ತಿಳೀಲಿಲ್ಲ.” ನನಗೆ ಅವಮಾನವಾಯಿತು. ಹದಿನೈದು ದಿನ ಕಾಪಿ ಬರೆದು ಅಕ್ಷರ ದುಂಡಗೆ ಮಾಡಿಕೊಂಡೆ. ಬೇರೆ ಏನೂ ಹೊಳೆಯಲಿಲ್ಲ.

ಮೂರು ತಿಂಗಳ ಮೇಲೆ ಪುಸ್ತಕ ಬಂತು. ಮೊದಲ ಪುಟ ತೆರೆದೆ. ‘ಲೇಖಕ ಮಂಡಳಿ’. ಮುಂದೆ ನೋಡೋಣ ಎನ್ನುತ್ತಲೇ ಬಂದಿದ್ದ ಸಂಪಾದಕರು, ಈ ಸಲ ಖಂಡಿತ ನಿಮ್ಮ ಹೆಸರು ಎಂದು ಮಾತು ಕೊಟ್ಟಿದ್ದರು. ಕಣ್ಣು ತುಂಬಿ ಬಂತು. ಪುಸ್ತಕವನ್ನು ಮಂಚದ ಮೇಲೆ ಎಸೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಇನ್ನು ಬರೆಯುವುದಿಲ್ಲ ಎಂದು ನಿರ್ಧರಿಸಿಯೂ ಆಯಿತು. ಕೂಲರ್ ಭರ್ರೆನ್ನುತ್ತಿತ್ತು. ದುಪಹರಿ ಕಿಟಕಿಯ ಆಚೆ ಝಳದಲ್ಲಿ ಕರಗಿಹೋಗುತ್ತಿರುವಂತೆ ಕಂಡಳು.

ಅಷ್ಟರಲ್ಲಿ ಅತ್ತೆ ಎದ್ದು ಬಂದು, ಪುಸ್ತಕ ತೆಗೆದುಕೊಂಡು ಗಾಳಿ ಬೀಸಿಕೊಳ್ಳತೊಡಗಿದರು. ಬೀಸುತ್ತಿದ್ದ ಕೈ ನಿಂತಿತು. ಕನ್ನಡಕ ಹಾಕಿಕೊಂಡ ಸದ್ದು. ಆಮೇಲೆ ನನ್ನ ಬೆನ್ನ ಹಿಂದೆ ಅವರು ಗಟ್ಟಿಯಾಗಿ ಓದಿದರು.

“ಬ್ಯಾಡಗಿ ಮೆಣಸಿನಕಾಯಿ ಎರಡು ಕಿಲೋ. ಗುರೆಳ್ಳು ಅರ್ಧ ಕಿಲೋ. ಕುಸುಬಿ ಎಣ್ಣಿ. ಬರಬೇಕಾದ್ರ ಮರೀಬ್ಯಾಡ.”

ದಡಬಡಿಸಿ ಎದ್ದೆ. ಗುಹೆಯ ಗೋಡೆಯ ಮೇಲೆ, ಸುತ್ತ ತಲೆಬುರುಡೆಗಳ ನಡುವೆ, ಹಸಿರು ಬೆಂಕಿಯ ಬೆಳಕಿನಲ್ಲಿ ನನ್ನ ಪತ್ರ! ಪಾಪ, ಚಿತ್ರಕಾರರು ಒಂದು ಒತ್ತಕ್ಷರವನ್ನೂ ಬಿಡದೆ ಕೆತ್ತಿದ್ದರು. ಮುಂದೆ ನಿಂತ ಖಳನಾಯಕ ಎರಡೂ ಕೈ ಎತ್ತಿ, “ಹ್ಹಹ್ಹಹ್ಹಾ! ಸಾವಿರ ವರ್ಷಗಳಿಂದ ಈ ಶಾಪವನ್ನು ಓದಬಲ್ಲವರು ಹುಟ್ಟಿಲ್ಲ!” ಎಂದು ಹಿಂದಿಯಲ್ಲಿ ನಗುತ್ತಿದ್ದ.

ಅತ್ತೆ ಉಳಿದದ್ದನ್ನೂ ಓದಿದರು. ಪತ್ರವೆಂದ ಮೇಲೆ ಕೊನೆಗೆ ಸಹಿ ಇರಲೇಬೇಕಲ್ಲ. ‘ಇಂತಿ ನಿನ್ನ ವೈನಿ’ ಎಂದು, ಅದರ ಕೆಳಗೆ ನನ್ನ ಪೂರ್ತಿ ಹೆಸರು. ಅಚ್ಚಿನಲ್ಲಿ. ಹೆಬ್ಬೆರಳಿನಷ್ಟು ದಪ್ಪಗೆ.

ಅತ್ತೆ ಹೆಸರಿನ ಮೇಲೆ ಬೆರಳಿಟ್ಟರು. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

“ಇಷ್ಟ ವರ್ಷ ಏನೇನೋ ಬರದಿ,” ಎಂದು ಅವರು ಕಣ್ಣೊರೆಸಿಕೊಂಡರು. “ನಾಕ ಮಂದಿಗೆ ತಿಳಿಯೂ ಹಂಗ ಬರದದ್ದು ಇದೊಂದ ನೋಡವಾ.”