ಚಹಾ ಬಿಟ್ಟಾಕಿಯ ಎದೆ ಡವಡವ

ಊಹಿಸಿ ನೋಡೋಣ. ನಮ್ಮ ಬೆಟಗೇರಿ ಓಣಿಯಲ್ಲಿ ಒಬ್ಬ ನೇಕಾರರ ಮನೆಯಾಕೆ ಇದ್ದಾಳೆ, ಎಲ್ಲರಿಗೂ ಅಕ್ಕ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಗಲೆಂದು ಅಕ್ಕ ಶ್ರಾವಣ ಪೂರ್ತಿ ಚಹಾ ಬಿಡುವ ಹರಕೆ ಹೊತ್ತಳು. ದಿನಕ್ಕೆ ಹತ್ತು ಕಪ್ಪು ಕುಡಿಯುವಾಕೆ! ಚಹಾ ಬಿಟ್ಟರೆ ನಿದ್ದೆ ಒತ್ತಿಕೊಂಡು ಬರಬೇಕಲ್ಲ? ಇದ್ದ ನಿದ್ದೆಯೂ ಹಾರಿಹೋಗಿ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಏನಾಗಿರಬಹುದು?

ಥಟ್ಟನೆ ಹೇಳಿಬಿಟ್ಟರೆ ಮಜಾ ಇಲ್ಲ. ಬಿ.ಫಾರ್ಮಾ ಓದಿ ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ನಿವೃತ್ತನಾದವನು ನಾನು. ಗುಳಿಗೆ ಇದ್ದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೊದಲು ಅಂಗಡಿಯವು ಎರಡು ಕೇಳಿ.

೧

ಮುಂಡರಗಿಯ ಗಿರಾಕಿಯೊಬ್ಬ ತಲೆನೋವಿನ ಗುಳಿಗೆ ಒಯ್ದಿದ್ದ. ವಾರದ ಮೇಲೆ ಬಂದು, "ನಿದ್ದಿ ಬರವಲ್ದರಿ, ನಿದ್ದಿ ಗುಳಿಗಿ ಕೊಡ್ರಿ" ಎಂದ.

"ಆ ಗುಳಿಗಿ ಹೆಂಗ ತಗೊಂಡಿ?"

"ಚಹಾದ ಜೋಡಿ. ಮೂರೂ ಹೊತ್ತು."

"ಗುಳಿಗಿ ಒಳಗ ಕೆಫೀನ್ ಐತೋ ಮಾರಾಯಾ. ಚಹಾದಾಗೂ ಅದ ಇರ್ತೈತಿ. ಎರಡೂ ಕೂಡಿದ್ರ ನಿದ್ದಿ ಎಲ್ಲಿಂದ ಬರಬೇಕು?"

ಆತ ಬಹಳ ಹೊತ್ತು ತಲೆದೂಗಿದ. "ಖರೆ ಐತ್ರಿ. ಇನ್ನ ಮ್ಯಾಲೆ ಕಾಫಿ ಜೋಡಿ ತಗೋತೇನಿ."

೨

ಶಿರಹಟ್ಟಿಯ ವ್ಯಾಪಾರಿಯೊಬ್ಬರು ತಲೆನೋವಿಗೆಂದು ಎರಡು ಬಣ್ಣದ ಗುಳಿಗೆ ಒಟ್ಟಿಗೇ ನುಂಗುತ್ತಿದ್ದರು. ಒಂದು ನಮ್ಮ ಅಂಗಡಿಯದು, ಇನ್ನೊಂದು ಲಕ್ಷ್ಮೇಶ್ವರದಲ್ಲಿ ಕೊಂಡದ್ದು. ಎರಡೂ ಸ್ಟ್ರಿಪ್‌ಗಳ ಹಿಂಬದಿಗೆ ಬರೆದದ್ದನ್ನು ಓದಿ ತೋರಿಸಿದೆ. "ಸಾಹುಕಾರ್ರ, ಹೆಸರಷ್ಟ ಬ್ಯಾರೆ, ಒಳಗ ಔಷಧ ಒಂದ. ಎರಡೂ ನುಂಗಿದ್ರ ಪ್ರಮಾಣ ಡಬಲ್ ಆಗತೈತಿ, ಲಿವರ್‌ಗೆ ಪೆಟ್ಟು."

"ಹಂಗ ಹೆಂಗ ಆಕೈತ್ರಿ? ಇದು ಎಡಗಡೆ ತಲಿಗೆ, ಅದು ಬಲಗಡೆ ತಲಿಗೆ."

"ನಟ್ಟನಡುವ ನೋಯಾಕತ್ತಿದ್ರ?"

"ಅದಕ್ಕ ಅಲ್ಲೇನ್ರಿ ಇವತ್ತ ನಿಮ್ಮ ಕಡೆ ಬಂದದ್ದು!"

೩

ಈಗ ನಮ್ಮ ಅಕ್ಕ. ಎದೆ ಹೊಡೆದುಕೊಳ್ಳುತ್ತದೆ ಅಂದಾಗ ಮನೆಯವರೆಲ್ಲ ಹೆದರಿದರು. ಡಾಕ್ಟರಿಗೆ ತೋರಿಸಿ ಬಂದೆವು. ಹೃದಯ ಗಟ್ಟಿ ಇದೆ ಎಂದರು. "ಗುಳಿಗಿ ಏನಾರ ತಗೋತೀರೇನು?" ಎಂದು ಅವರು ಕೇಳಿದರೆ ಈಕೆ, "ಏನಿಲ್ಲರಿ" ಎಂದಿದ್ದಳು.

ಮನೆಗೆ ಬಂದು ಕುಂತವಳೇ ಹಣೆ ಒತ್ತಿಕೊಳ್ಳುತ್ತ ಸೆರಗಿನ ಗಂಟು ಬಿಚ್ಚಿದಳು. ಗುಳಿಗೆಯ ಸ್ಟ್ರಿಪ್!

"ಯಕ್ಕಾ, ಇದೇನು?"

"ತಲಿನೋವಿಂದರಿ ಅಣ್ಣಾರ. ಇದೇನು ಔಷಧಾ? ಚಹಾ ಬಿಟ್ಟಾಗಿಂದ ತಲಿ ಸಿಡ್ಯಾಕತ್ತೈತಿ. ಹಗಲು ರಾತ್ರಿ ಎರಡೆರಡು ನುಂಗಿದ್ರ ಗಪ್ಪಾಕೈತಿ."

ಕನ್ನಡಕ ಏರಿಸಿ ಓದಿದೆ. ಅನುಮಾನವೇ ಇಲ್ಲ. "ಚಹಾ ಒಮ್ಮೆಲೇ ಬಿಟ್ರ ತಲಿ ನೋಯ್ತೈತಿ. ಇದರಾಗ ಚಹಾದಾಗಿನ ಕೆಫೀನ್ ಐತಿ, ಅದಕ್ಕ ಗಪ್ಪಾಗೂದು. ಇಷ್ಟು ನುಂಗಿದ್ರ ಎದಿ ಹೊಡ್ಕೊಳ್ಳದ ಏನ್ಮಾಡ್ತೈತಿ?"

"ಅಂದ್ರ ನಾ ಇಷ್ಟು ದಿನಾ ಚಹಾ ನುಂಗೇನಿ?"

"ಹಾಲು ಸಕ್ಕರಿ ಇಲ್ಲದ್ದು," ಎಂದ ಆಕೆಯ ಗಂಡ, ಚಹಾ ಹೀರುತ್ತ.

ಅಕ್ಕನ ಕಣ್ಣಲ್ಲಿ ನೀರು. "ಹರಕಿ ಮುರೀತಲ್ಲರಿ! ಮಗಳ ಗತಿ ಏನು?"

ನನಗೂ ಪಿಚ್ಚೆನಿಸಿತು. "ಹರಕಿ ಚಹಾದ್ದು, ಗುಳಿಗಿದಲ್ಲ ಬಿಡವಾ" ಎಂದೆ.

"ಈಗರ ಎರಡೂ ಒಂದ ಅಂದ್ರಿ!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದಳು. "ಯಪ್ಪಾ, ಗುಳಿಗಿ ನಾ ಬಿಟ್ಟೆ. ಚಹಾ ನಮ್ಮ ಮನಿಯವ್ರು ಬಿಡ್ತಾರ."

ಗಂಡನ ಕೈಯಿಂದ ಕಪ್ಪು ಕಸಿದುಕೊಂಡಳು. "ಅರ್ಧಾ ಕಪ್ ಸಾಕು, ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ಕೋತ ಬಾ" ಎಂದೆ. ಸರಿಯಾಗಿ ಅರ್ಧ ಕುಡಿದು, ಉಳಿದದ್ದನ್ನು ಅವನೆದುರೇ ನನಗೆ ಕೊಟ್ಟಳು.

ಹರಕೆ ಫಲಿಸಿತು. ಮೊಮ್ಮಗಳು ಬಂದಳು, ತಾಯಿಯೂ ಗಟ್ಟಿಮುಟ್ಟು. ಗಂಡ ಪಾಪ, ಶ್ರಾವಣ ಮುಗಿಯುವ ತನಕ ಚಹಾ ಮುಟ್ಟಲಿಲ್ಲ. ಎಷ್ಟು ದಿನ ಉಳಿದಿತ್ತು ಅಂತೀರಾ? ಆ ಕಪ್ಪು ಕೈತಪ್ಪಿದ್ದು ಶ್ರಾವಣದ ಐದನೆಯ ದಿನ, ನಾಗರ ಪಂಚಮಿಯಂದು.