ಇಣುಕುವ ಸಿನಿಮಾದ ಮೇಲೆ ಝಿವ್ಕೊನ ಭಾಷಣ

ಸಂಜೆ ಐದಕ್ಕೆ ಪ್ಲೊವ್ದಿವ್ ನಗರದ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಝಿವ್ಕೊ ಭಾಷಣ ಮಾಡಬೇಕಿತ್ತು. ನಕ್ಷೆ ಬರೆಯುವ ಕಚೇರಿಯಿಂದ ನಿವೃತ್ತನಾದ ಮೇಲೆ ಅವನ ಮಾತನ್ನು ನಾಲ್ಕು ಜನ ಕೂತು ಕೇಳುವ ಮೊದಲ ಅವಕಾಶ. ವಿಷಯ, ಕಿಟಕಿಯಿಂದ ನೆರೆಮನೆಗಳಿಗೆ ಇಣುಕುವವನೊಬ್ಬನ ಹಳೆಯ ರೋಚಕ ಸಿನಿಮಾ. 'ಇದನ್ನು ನೋಡಿದವನಿಗೆ ಇಣುಕಲು ನಾಚಿಕೆಯಾಗುತ್ತದೆ' ಎಂದು ಹಾಳೆಯಲ್ಲಿ ಬರೆದಿದ್ದ. ಬರೆದದ್ದು ನಿಜವೋ ಸುಳ್ಳೋ ನೋಡೋಣವೆಂದು ಬೆಳಿಗ್ಗೆ ದುರ್ಬೀನು ಹಿಡಿದು ಬಾಲ್ಕನಿಗೆ ಬಂದ.

ನಾಚಿಕೆಯೇನೂ ಆಗಲಿಲ್ಲ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ತ್ಸೊಂಕಾ ಸುರುಳಿ ಸುತ್ತಿದ ರತ್ನಗಂಬಳಿಯೊಂದನ್ನು ಹಠಮಾರಿ ಕತ್ತೆಯನ್ನು ಎಳೆದಂತೆ ಎಳೆಯುತ್ತಿದ್ದಳು. ಅವಳ ಗಂಡ ಲ್ಯೂಬೆನ್ ಎರಡು ದಿನದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಈ ವಯಸ್ಸಲ್ಲಿ ಕಂಡೋರ ಮನೆ ನೋಡ್ತೀಯಲ್ಲೋ," ಪಕ್ಕದ ಬಾಲ್ಕನಿಯಿಂದ ಸ್ತೊಯ್ನಾ ಅಜ್ಜಿ ಗದರಿದಳು.

"ಭಾಷಣಕ್ಕೆ ಅಜ್ಜಿ. ಅಧ್ಯಯನ."

"ಏನು ಕಾಣ್ತಿದೆ?"

"ತ್ಸೊಂಕಾ ಕಂಬಳಿ ಎಳೀತಿದ್ದಾಳೆ. ಲ್ಯೂಬೆನ್ ಕಾಣ್ತಿಲ್ಲ."

ಅಜ್ಜಿ ಚಪ್ಪಲಿ ಮೆಟ್ಟಿದಳು. "ಬಾಗಿಲು ತೆಗಿ, ಬಂದೆ."

ಮಧ್ಯಾಹ್ನದ ಹೊತ್ತಿಗೆ ಬಾಲ್ಕನಿಯಲ್ಲಿ ಹದಿನಾಲ್ಕು ಜನ. ಒಬ್ಬರು ಚೀಸಿನ ಬಾನಿತ್ಸ ತಿಂಡಿ ತಂದರು, ಇನ್ನೊಬ್ಬರು ಕುರ್ಚಿ ತಂದರು. ಝಿವ್ಕೊನ ಹೆಂಡತಿ ಪೆಂಕಾ ಎಲ್ಲರಿಗೂ ಕಾಫಿ ಕೊಟ್ಟಳು. ದುರ್ಬೀನು ಮಾತ್ರ ಝಿವ್ಕೊನ ಕೈಗೆ ಮತ್ತೆ ಬರಲಿಲ್ಲ.

"ಸುರುಳಿ ದಪ್ಪ ಇದೆ," ಎಂದಳು ಅಜ್ಜಿ.

"ಲ್ಯೂಬೆನ್ನೂ ದಪ್ಪಾನೇ," ಎಂದಳು ಪೆಂಕಾ.

ನಾಲ್ಕೂಮುಕ್ಕಾಲಿಗೆ ಝಿವ್ಕೊ ಟೈ ಕಟ್ಟಿಕೊಂಡು ಬಂದು ಕೆಮ್ಮಿದ. "ಭಾಷಣಕ್ಕೆ ಹೊತ್ತಾಯ್ತು. ಎಲ್ಲರೂ ಹೊರಡೋಣ್ವಾ?"

"ನೀನು ಹೋಗಿ ಶುರು ಮಾಡು," ಎಂದಳು ಪೆಂಕಾ, ತಿರುಗಿಯೂ ನೋಡದೆ. "ಇಲ್ಲೇನಾಯ್ತು ಅಂತ ಆಮೇಲೆ ಹೇಳ್ತೀವಿ."

ಕಟ್ಟಡದ ಹಿಂದಿನ ಭವನದಲ್ಲಿ ನಲವತ್ತು ಕುರ್ಚಿ, ಒಬ್ಬನೇ ಕೇಳುಗ. ಕೊನೆಯ ಸಾಲಿನಲ್ಲಿ ಮುದುಡಿ ಕೂತಿದ್ದವನು ಲ್ಯೂಬೆನ್.

"ನೀನು ಬದುಕಿದ್ದೀಯಾ?"

"ಮೊದಲು ಬಾಗಿಲು ಹಾಕು ಮಾರಾಯ. ಮನೆಗೆ ಸುಣ್ಣಬಣ್ಣ ಅಂತ ತ್ಸೊಂಕಾ ನನ್ನ ಕೈಲಿ ಸಾಮಾನೆಲ್ಲ ಹೊರಿಸೋಕೆ ನೋಡ್ತಿದ್ಲು. ತಮ್ಮನ ಮನೇಲಿ ಬಚ್ಚಿಟ್ಟುಕೊಂಡಿದ್ದೆ, ಅಲ್ಲಿಗೂ ಫೋನ್ ಮಾಡಿದ್ಲು. ಜನ ಸುಳಿಯದ ಜಾಗ ಯಾವುದಪ್ಪಾ ಅಂತ ಯೋಚಿಸ್ತಿದ್ದಾಗ ನಿನ್ನ ಭಾಷಣದ ಚೀಟಿ ಕಾಣ್ತು."

ಝಿವ್ಕೊ ನುಂಗಿಕೊಂಡ. ಒಬ್ಬನಾದರೂ ಇದ್ದಾನಲ್ಲ. ಹಾಳೆ ಬಿಡಿಸಿ, ಇಣುಕುವವನ ಕಣ್ಣು ಮೆಲ್ಲಗೆ ನಮ್ಮದೇ ಕಣ್ಣಾಗುವ ಬಗೆಯನ್ನು ಮನಸ್ಸಿಟ್ಟು ವಿವರಿಸತೊಡಗಿದ. ಎರಡನೇ ಪುಟಕ್ಕೆ ಲ್ಯೂಬೆನ್ ಎದ್ದು ಕೋಟು ಹಾಕಿಕೊಂಡ.

"ಎಲ್ಲಿಗೆ?"

"ಮನೆಗೆ. ಬೀರು ಹೊರೋದೇ ವಾಸಿ."

ಝಿವ್ಕೊ ಖಾಲಿ ಕುರ್ಚಿಗಳಿಗೆ ಓದುತ್ತಲೇ ಹೋದ. ಕೊನೆಯ ಸಾಲು ಮುಗಿಸಿ ತಲೆಯೆತ್ತುವಾಗ, ಅವನದೇ ಬಾಲ್ಕನಿಯ ಕಡೆಯಿಂದ ಜೋರಾದ ಚಪ್ಪಾಳೆ ಕೇಳಿಸಿತು. ಲ್ಯೂಬೆನ್ ಮನೆ ತಲುಪಿದ್ದ.