ಹರಾಜಿಗೆ ಹೊರಟ ಅತ್ತೆಯ ಪಾತ್ರೆಗಳು

ನಮ್ಮ ಸೋದರತ್ತೆ ಯಾರನ್ನೂ ಕಳ್ಳರೆಂದು ಕರೆದವಳಲ್ಲ. ಎಲ್ಲರ ಮೇಲೂ ಸಮಾನವಾಗಿ ಅನುಮಾನಪಡುತ್ತಾಳೆ, ಅಷ್ಟೇ! ನನ್ನ ಮದುವೆಯ ದಿನ ಒಂದು ಸೌಟು ಕಾಣಲಿಲ್ಲವೆಂದು, ಹೊರಟಿದ್ದ ಬೀಗರ ಬಸ್ಸನ್ನೇ ಅಡ್ಡಗಟ್ಟಿ ಎಲ್ಲರನ್ನೂ ಕೆಳಗಿಳಿಸಿದಳು. ಸೌಟು ಸಿಕ್ಕಿತು. ಎಲ್ಲಿ? ಆಕೆಯ ಸೊಂಟದಲ್ಲೇ! "ನೋಡ್ರಿ, ಹುಡುಕಿದ್ದಕ್ಕ ಸಿಕ್ತು" ಎಂದು ಬೀಗರಿಗೇ ಬುದ್ಧಿ ಹೇಳಿದಳು.

ಇಂಥವಳು ಗಬ್ಬೂರಿನಿಂದ ದಿನಾ ಬಸ್ಸು ಹತ್ತಿ, ದೇವದುರ್ಗದ ಹೊರಗಿದ್ದ ಹತ್ತಿ ಮಿಲ್ಲಿಗೆ ಹೋಗಿ ಕೂಲಿಕಾರರಿಗೆ ಅಡುಗೆ ಮಾಡುತ್ತಿದ್ದಳು. ಪಾತ್ರೆಗಳೂ ಹೆಚ್ಚುಕಡಿಮೆ ಅವಳವೇ. ಹತ್ತಾರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಕಂಪನಿ ದಿವಾಳಿಯಾಗಿ ಗೇಟಿಗೆ ಸೀಲು ಬಿತ್ತು. ಕಂಪನಿಯ ಆಸ್ತಿ ಮಾರಲು ಬೆಂಗಳೂರಿನಿಂದ ಬಂದ ಅಧಿಕಾರಿಯ ಪಟ್ಟಿಯಲ್ಲಿ ಯಂತ್ರ, ತಕ್ಕಡಿ, ಕುರ್ಚಿಗಳ ಕೆಳಗೆ ಇನ್ನೊಂದು ಸಾಲಿತ್ತು: 'ಅಡುಗೆ ಪಾತ್ರೆ, ಮೂವತ್ತೊಂದು.'

ಮರುದಿನ ಬೆಳಿಗ್ಗೆ ರಾಯಚೂರಿನ ನಮ್ಮ ಮನೆಯಲ್ಲಿ ನಾನಿನ್ನೂ ಮಂಡಾಳ ಒಗ್ಗರಣೆ ತಿನ್ನುತ್ತಿದ್ದೆ. ಅತ್ತೆ ಒಳಗೆ ನುಗ್ಗಿದಳು.

"ಲೇ, ನನ್ನ ಕೊಪ್ಪರಿಗಿ ಹರಾಜಿಗೆ ಇಟ್ಟಾರ! ಕಂಪನಿ ದಿವಾಳಿ ಆದ್ರ ನನ್ನ ಕೊಪ್ಪರಿಗಿ ಯಾಕ ದಿವಾಳಿ ಆಗಬೇಕು?"

ನಾನು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವನು. ಗಂಟಲು ಸರಿಮಾಡಿಕೊಂಡು, "ಕಂಪನಿ ಒಳಗ ಇದ್ದದ್ದೆಲ್ಲ ಕಂಪನಿದು ಆಗೂದಿಲ್ಲ ಅತ್ತಿ. ಆದ್ರ ನಿಂದು ಅನ್ನಾಕ ಪುರಾವೆ ಬೇಕು" ಎಂದೆ.

"ಎಲ್ಲಾದರ ಮ್ಯಾಲೂ ಹೆಸರು ಅದ!"

ಹೆಸರು ಇತ್ತು, ನಿಜ. ನಾವಿಬ್ಬರೂ ಮಿಲ್ಲಿಗೆ ಹೋದಾಗ ಅಧಿಕಾರಿ ಮೊದಲ ಪಾತ್ರೆ ಎತ್ತಿ ತಿರುಗಿಸಿ ನೋಡಿದರು. "ಅಮ್ಮಾ, ಇದರಲ್ಲಿ ಮಾನ್ವಿಯ ಯಾರೋ ಗಂಡಸಿನ ಹೆಸರಿದೆಯಲ್ಲ?"

"ಅದು ಕೊಟ್ಟವರ ಹೆಸರ್ರೀ! ಮದುವ್ಯಾಗ ಉಡುಗೊರಿ ಕೊಡೋರು ತಮ್ಮ ಹೆಸರು ಹಾಕಿಸ್ತಾರೋ, ನನ್ನ ಹೆಸರು ಹಾಕಿಸ್ತಾರೋ?"

ಮೂವತ್ತೊಂದು ಪಾತ್ರೆ, ಹತ್ತೊಂಬತ್ತು ಹೆಸರು, ಅತ್ತೆಯದು ಒಂದೂ ಇಲ್ಲ! ಅಧಿಕಾರಿ ಪಾಪ, ಕೊಟ್ಟವರ ಹೇಳಿಕೆ ಬೇಕು ಎಂದುಬಿಟ್ಟರು. ಆ ಮಾತಿಗೆ ಅವರು ಎಷ್ಟು ಪಶ್ಚಾತ್ತಾಪಪಟ್ಟರೋ! ಮೂರನೇ ದಿನ ಮಾನ್ವಿ, ಸಿರವಾರಗಳಿಂದ ನಮ್ಮ ಬಳಗವೆಲ್ಲ ಒಂದು ಟೆಂಪೋ ತುಂಬ ಬಂದು ಮಿಲ್ಲಿನ ಅಂಗಳದಲ್ಲಿ ಇಳಿಯಿತು, ರೊಟ್ಟಿ ಗಂಟಿನ ಸಮೇತ.

ಮಾನ್ವಿಯ ದೊಡ್ಡಪ್ಪ ತನ್ನ ಬೋಗುಣಿಯ ತಗ್ಗು ನೋಡಿ ಸಿಟ್ಟಿಗೆದ್ದ. "ಹೋಳಿಗಿ ಹೂರಣ ಮಾಡ್ಲಿ ಅಂತ ಕೊಟ್ರ, ಗಿರಣ್ಯಾಗ ಪುಂಡಿಪಲ್ಯ ಕುದಿಸೀಯೇನು?"

"ನೀ ಕೊಟ್ಟ ಮ್ಯಾಲ ನಂದಾತು! ಪುಂಡಿಪಲ್ಯನಾದ್ರೂ ಕುದಿಸ್ತೀನಿ, ಎಮ್ಮಿಗೆ ನೀರಾದ್ರೂ ಇಡ್ತೀನಿ!"

ಅಧಿಕಾರಿ ತಟ್ಟನೆ ಪೆನ್ನು ಎತ್ತಿದರು. "ಇದನ್ನೇ ಬರೆದುಕೊಳ್ತೀನಿ." ಒಡೆತನದ ವರ್ಗಾವಣೆ ಎಂದರೇನೆಂದು ನಾನು ಒಂದು ವರ್ಷ ಪಾಠ ಮಾಡಿದರೂ ಇಷ್ಟು ಸ್ಪಷ್ಟವಾಗಿ ಯಾವ ಹುಡುಗನೂ ಬರೆದಿಲ್ಲ!

ಪಾತ್ರೆಗಳು ಒಂದೊಂದಾಗಿ ಟೆಂಪೋ ಹತ್ತಿದವು. ಹೆಸರಿಲ್ಲದ ಒಂದು ತಾಮ್ರದ ಹಂಡೆ ಉಳಿಯಿತು. ಸುಸ್ತಾಗಿದ್ದ ಅಧಿಕಾರಿ, "ಇದನ್ನೂ ತಗೊಳ್ಳಿ ಅಮ್ಮಾ" ಎಂದರು.

"ಅದು ಕಂಪನಿದ್ರೀ. ನಂದಲ್ಲದ್ದು ನನಗ್ಯಾಕ?" ಅತ್ತೆಗೆ ಅವಮಾನವಾದಂತಿತ್ತು.

ಕೊನೆಗೆ ಒಂದು ಸಣ್ಣ ಬುತ್ತಿ ಡಬ್ಬಿ. ಮುಚ್ಚಳದ ಮೇಲೆ ಒಬ್ಬ ಹೆಂಗಸಿನ ಹೆಸರು. "ಇದು?"

ಅತ್ತೆ ಗೇಟಿನಾಚೆ ಒಮ್ಮೆ ನೋಡಿದಳು. "ನಂದರೀ. ನಮ್ಮ ಚಿಗವ್ವ ಕೊಟ್ಟದ್ದು."

ಆ ಹೆಸರಿನ ಚಿಗವ್ವ ನಮ್ಮ ವಂಶದಲ್ಲೇ ಇಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ನನ್ನ ಕೈ ಹಿಸುಕಿದ. ಅಂದು ಬೆಳಗಿನಿಂದ ಜಗಳವಾಡುತ್ತಿದ್ದ ಬಳಗವೆಲ್ಲ ತಲೆ ತಗ್ಗಿಸಿ ರೊಟ್ಟಿ ಗಂಟು ಬಿಚ್ಚತೊಡಗಿತು.

ಗೇಟಿನ ಹೊರಗೆ, ರಸ್ತೆಯಾಚೆಯ ಬೇವಿನ ಮರದಡಿ ಮಿಲ್ಲಿನ ಮಾಲೀಕರು ನಿಂತಿದ್ದರು. ಸೀಲು ಬಿದ್ದ ಮೇಲೆ ಅವರು ಒಳಗೆ ಕಾಲಿಟ್ಟಿರಲಿಲ್ಲ. ಬಾಕಿ ಕೂಲಿಗಾಗಿ ಅಂಗಳದಲ್ಲಿ ಕಾಯುತ್ತಿದ್ದ ಕೂಲಿಕಾರರ ಮುಖ ನೋಡಲಾಗುತ್ತಿರಲಿಲ್ಲ ಅವರಿಗೆ. ಅತ್ತೆ ನೇರ ಅಲ್ಲಿಗೇ ನಡೆದು ಡಬ್ಬಿಯನ್ನು ಅವರ ಕೈಗಿತ್ತಳು.

"ನಿಮ್ಮವ್ವಂದು. ಇರೂತನಕ ದಿನಾ ಇದರಾಗ ಬುತ್ತಿ ಕಳಸ್ತಿದ್ಲು. ನೀವು ಕೇಳಾಕ ಒಳಗ ಬರೂದಿಲ್ಲ ಅಂತ ನನಗ ಗೊತ್ತಿತ್ತು."

ಮಾಲೀಕರು ಮುಚ್ಚಳದ ಹೆಸರಿನ ಮೇಲೆ ಬೆರಳಾಡಿಸುತ್ತ ನಿಂತರು.

"ಊಟ ಆಗೇದೇನ್ರೀ?"

ಅವರು ಇಲ್ಲವೆಂದು ತಲೆಯಲ್ಲಾಡಿಸಿದರು. ಅತ್ತೆ ಆ ಡಬ್ಬಿಯನ್ನು ಮತ್ತೆ ಇಸಿದುಕೊಂಡು, ಸೆರಗಿನಿಂದ ಒರೆಸಿ, ರೊಟ್ಟಿ ಮುರಿದು ಹಾಕಿ ತಂದುಕೊಟ್ಟಳು. ಟೆಂಪೋದವನು ಹಾರ್ನು ಹೊಡೆದ. "ನಿಂದ್ರೋ, ಅವರು ಉಣ್ಣಾಕತ್ತಾರ" ಎಂದು ಗದರಿ, ಅವರ ಎದುರಿಗೇ ಕಲ್ಲಿನ ಮೇಲೆ ಕುಳಿತಳು.